ನೆಲಮಾಳಿಗೆಯನ್ನು ವಾಸಯೋಗ್ಯ ಮಾಡುವ ಮುನ್ನ: ಓದುಗರ ಪ್ರಶ್ನೆಗಳಿಗೆ ಉತ್ತರ

ಮನೆ ನವೀಕರಣದ ಬಗ್ಗೆ ಈ ಬಾರಿ ಬಂದಿರುವ ಪತ್ರಗಳಲ್ಲಿ ಹೆಚ್ಚಿನವು ನೆಲಮಾಳಿಗೆಯನ್ನು ಕುರಿತವು. ಮನೆಯಲ್ಲಿ ಜನ ಹೆಚ್ಚಾಗಿದ್ದಾರೆ, ಮೇಲೆ ಇನ್ನೊಂದು ಅಂತಸ್ತು ಕಟ್ಟಲು ಅನುಕೂಲವಿಲ್ಲ, ಕೆಳಗೆ ಹಳೆಯ ಸಾಮಾನು ಪೇರಿಸಿಟ್ಟ ದೊಡ್ಡ ಜಾಗ ಸುಮ್ಮನೆ ಬಿದ್ದಿದೆ. ಅದನ್ನೇ ಕೋಣೆಯಾಗಿಸಿಕೊಂಡರೆ ಹೇಗೆ ಎಂಬುದು ಎಲ್ಲ ಪತ್ರಗಳ ತಿರುಳು. ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟುಗೂಡಿಸಿ ಉತ್ತರಿಸಿದ್ದೇನೆ.

ಪ್ರಶ್ನೆ: ನಮ್ಮ ನೆಲಮಾಳಿಗೆಯ ಗೋಡೆಗಳು ಮುಟ್ಟಿದರೆ ಒಣಗಿಯೇ ಇವೆ. ಆದರೆ ಒಂದು ಮೂಲೆಯಲ್ಲಿ ಬಿಳಿ ಪುಡಿ ಉದುರುತ್ತದೆ ಮತ್ತು ಬಾಗಿಲು ತೆರೆದ ಕೂಡಲೇ ಮುಗ್ಗಲು ವಾಸನೆ ಬರುತ್ತದೆ. ಒಳಗಿನಿಂದ ವಾಟರ್‌ಪ್ರೂಫ್ ಬಣ್ಣ ಬಳಿದು ಕೆಲಸ ಶುರು ಮಾಡೋಣ ಎಂದು ಕಂಟ್ರಾಕ್ಟರ್ ಹೇಳುತ್ತಿದ್ದಾರೆ. ಒಪ್ಪಬಹುದೇ?

ಉತ್ತರ: ಒಪ್ಪಬೇಡಿ. ಆ ಬಿಳಿ ಪುಡಿ ಉಪ್ಪು. ಹೊರಗಿನ ಮಣ್ಣಿನ ನೀರು ಗೋಡೆಯೊಳಗೆ ಹಾದು ಬರುವಾಗ ಸಿಮೆಂಟು ಮತ್ತು ಇಟ್ಟಿಗೆಯಲ್ಲಿರುವ ಲವಣಗಳನ್ನು ಕರಗಿಸಿಕೊಂಡು ಬರುತ್ತದೆ. ಒಳಮೈಗೆ ತಲುಪಿದ ನೀರು ಆವಿಯಾಗಿ ಹೋಗುತ್ತದೆ, ಲವಣ ಅಲ್ಲೇ ಉಳಿಯುತ್ತದೆ. ಗೋಡೆ ಕೈಗೆ ಒಣಗಿದಂತೆ ಕಂಡರೂ ಅದರ ಮೂಲಕ ನೀರು ನಡೆದಾಡುತ್ತಿದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷಿ ಬೇಕಿಲ್ಲ.

ನೆಲಮಾಳಿಗೆಗೆ ತೇವ ಬರುವ ದಾರಿಗಳು ಮುಖ್ಯವಾಗಿ ಮೂರು: ಬಿರುಕು ಮತ್ತು ಸಂದುಗಳಿಂದ ನೇರವಾಗಿ ಜಿನುಗುವ ನೀರು, ಕಾಂಕ್ರೀಟಿನ ಸೂಕ್ಷ್ಮ ರಂಧ್ರಗಳ ಮೂಲಕ ಮಣ್ಣಿನಿಂದ ಏರುವ ತೇವ, ಮತ್ತು ಒಳಗಿನ ಗಾಳಿಯಲ್ಲೇ ಇದ್ದು ತಣ್ಣನೆಯ ಗೋಡೆಯ ಮೇಲೆ ಬೆವರಿನಂತೆ ಕೂಡುವ ನೀರು. ಒಂದೊಂದಕ್ಕೂ ಪರಿಹಾರ ಬೇರೆಯಾದ್ದರಿಂದ ನಿಮ್ಮ ಮನೆಯಲ್ಲಿರುವುದು ಯಾವುದು ಎಂದು ಮೊದಲು ತಿಳಿಯಬೇಕು. ಸುಮಾರು 18 ಇಂಚು ಉದ್ದಗಲದ, ದಪ್ಪನೆಯ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ನೆಲದ ಮೇಲೆ ಹರಡಿ, ನಾಲ್ಕೂ ಅಂಚುಗಳನ್ನು ಎಲ್ಲೂ ಸಂದು ಉಳಿಯದಂತೆ ಟೇಪಿನಿಂದ ಅಂಟಿಸಿ, ಕನಿಷ್ಠ 16 ಗಂಟೆ ಹಾಗೆಯೇ ಬಿಡಿ. ಎರಡು ದಿನ ಬಿಟ್ಟರೆ ಇನ್ನೂ ಒಳ್ಳೆಯದು. ಹಾಳೆಯ ಅಡಿಯಲ್ಲಿ ಹನಿ ಕಂಡರೆ ಅಥವಾ ಅಲ್ಲಿನ ಕಾಂಕ್ರೀಟ್ ಕಪ್ಪಾಗಿದ್ದರೆ ತೇವ ನೆಲದಿಂದ ಬರುತ್ತಿದೆ. ಹಾಳೆಯ ಮೇಲ್ಭಾಗದಲ್ಲಿ ಹನಿ ಕೂತಿದ್ದರೆ ಅದು ಗಾಳಿಯ ತೇವ. ಗೋಡೆಯ ಮೇಲೂ ಇದೇ ಪರೀಕ್ಷೆ ಮಾಡಬಹುದು. ಆದರೆ ಬೇಸಿಗೆಯಲ್ಲಿ ಮಾಡಿದ ಪರೀಕ್ಷೆ ಬೇಸಿಗೆಯ ಮಾತನ್ನಷ್ಟೇ ಹೇಳುತ್ತದೆ. ಮಣ್ಣು ನೀರು ಕುಡಿದು ತುಂಬಿರುವ ಕಾಲದಲ್ಲಿ ಇನ್ನೊಮ್ಮೆ ಮಾಡಲೇಬೇಕು.

ಇನ್ನು ಬಣ್ಣದ ವಿಷಯ. ಗೋಡೆಯ ಹೊರಗಿನ ಮಣ್ಣಿನಲ್ಲಿ ಒಂದು ಮೀಟರ್ ಎತ್ತರಕ್ಕೆ ನೀರು ನಿಂತರೆ, ಬುಡದಲ್ಲಿ ಅದರ ಒತ್ತಡ ಪ್ರತಿ ಚದರ ಮೀಟರಿಗೆ ಸುಮಾರು ಒಂದು ಟನ್ ಭಾರದಷ್ಟಾಗುತ್ತದೆ. ಹೊರಗಿನಿಂದ ಬಳಿದ ಲೇಪವನ್ನು ಈ ಒತ್ತಡ ಗೋಡೆಗೇ ಅದುಮಿ ಹಿಡಿಯುತ್ತದೆ. ಒಳಗಿನಿಂದ ಬಳಿದ ಬಣ್ಣವನ್ನು ಹಿಂದಿನಿಂದ ತಳ್ಳಿ ಗುಳ್ಳೆ ಎಬ್ಬಿಸುತ್ತದೆ. ಉಪ್ಪು ಕೂತ ಗೋಡೆಗೆ ಬಣ್ಣ ಅಂಟಿಕೊಳ್ಳುವುದೂ ಕಷ್ಟ. ಹೊಸ ಬಣ್ಣ ಒಂದೆರಡು ವರ್ಷ ಚೆಂದ ಕಾಣುತ್ತದೆ, ಅಷ್ಟರಲ್ಲಿ ಅದರ ಮುಂದೆ ನೀವು ಕಟ್ಟಿಸಿದ ಹೊಸ ಗೋಡೆ ಒಳಗಿನಿಂದಲೇ ಬೂಷ್ಟು ಹಿಡಿದಿರುತ್ತದೆ.

ಕೆಲಸ ಮನೆಯ ಹೊರಗಿನಿಂದ, ಅದರಲ್ಲೂ ಸೂರಿನಿಂದ ಆರಂಭವಾಗಬೇಕು. 100 ಚದರ ಮೀಟರ್ ವಿಸ್ತಾರದ ಚಾವಣಿಯ ಮೇಲೆ 25 ಮಿಲಿಮೀಟರ್ ಮಳೆ ಬಿದ್ದರೆ 2,500 ಲೀಟರ್ ನೀರಾಗುತ್ತದೆ. ಆ ನೀರನ್ನು ಇಳಿಸುವ ಪೈಪು ಪಾಯದ ಬುಡದಲ್ಲೇ ಬಾಯಿ ತೆರೆದಿದ್ದರೆ, ಮನೆಯವರೇ ಒಂದು ಟ್ಯಾಂಕರಿನ ಅರ್ಧದಷ್ಟು ನೀರನ್ನು ನೆಲಮಾಳಿಗೆಯ ಗೋಡೆಗೆ ಸುರಿದ ಹಾಗಾಯಿತು. ಪೈಪನ್ನು ಗೋಡೆಯಿಂದ ಕನಿಷ್ಠ ಆರೇಳು ಅಡಿ ದೂರ ಒಯ್ಯಿರಿ. ಮನೆಯ ಸುತ್ತಲಿನ ನೆಲ ಗೋಡೆಯಿಂದ ಹೊರಮುಖವಾಗಿ ಮೊದಲ 10 ಅಡಿಯಲ್ಲಿ 6 ಇಂಚು ಇಳಿಯುವಂತೆ ಮಣ್ಣು ಏರಿಸಿ. ಗೋಡೆಗೆ ತಾಗಿಕೊಂಡೇ ಹೂವಿನ ಪಾತಿ ಮಾಡಿ ದಿನವೂ ನೀರು ಹಾಯಿಸುವ ಅಭ್ಯಾಸವಿದ್ದರೆ ಅದನ್ನೂ ಬೇರೆಡೆಗೆ ಸಾಗಿಸಿ. ಕಡಿಮೆ ಖರ್ಚಿನ ಈ ಕೆಲಸಗಳಿಂದಲೇ ಹಲವು ನೆಲಮಾಳಿಗೆಗಳು ಒಣಗುತ್ತವೆ. ಲೇಪ ಮಾರುವವರಿಗೆ ಇದರಲ್ಲಿ ಲಾಭವಿಲ್ಲದ ಕಾರಣ ಯಾರೂ ಮೊದಲು ಹೇಳುವುದಿಲ್ಲ.

ಇಷ್ಟು ಮಾಡಿದರೂ ನೀರು ಬಂದರೆ, ಪಾಯದ ಸುತ್ತ ಅಗೆದು ಹೊರಗೋಡೆಗೆ ಜಲನಿರೋಧಕ ಪದರ ಹಾಕಿ ಬುಡದಲ್ಲಿ ರಂಧ್ರವಿರುವ ಪೈಪು ಕೂರಿಸುವುದು, ಅಥವಾ ಒಳಗೆ ಗೋಡೆಯಂಚಿನ ನೆಲವನ್ನು ಕತ್ತರಿಸಿ ಅಂಥದೇ ಪೈಪು ಹಾಕಿ ಬಂದ ನೀರನ್ನು ಅದಕ್ಕೆಂದೇ ನೆಲದಲ್ಲಿ ತೋಡಿದ ಗುಂಡಿಗೆ (ಸಂಪು) ಹರಿಸಿ ಪಂಪಿನಿಂದ ಹೊರಹಾಕುವುದು, ಈ ಎರಡರಲ್ಲೊಂದು ಬೇಕಾಗುತ್ತದೆ. ಎರಡನೆಯದು ಅಗ್ಗ, ಆದರೆ ಅದು ನೀರನ್ನು ತಡೆಯುವುದಿಲ್ಲ, ಬಂದದ್ದನ್ನು ಸಾಗಹಾಕುತ್ತದೆ ಅಷ್ಟೇ. ಜೋರು ಮಳೆ ಮತ್ತು ಕರೆಂಟು ಹೋಗುವುದು ಜೊತೆಜೊತೆಯಾಗಿಯೇ ಬರುವುದರಿಂದ ಪಂಪಿಗೆ ಬ್ಯಾಟರಿಯ ಬೆಂಬಲ ಇರಲೇಬೇಕು. ಯಾವ ದಾರಿ ಹಿಡಿದರೂ ಒಂದು ಪೂರ್ತಿ ಮಳೆಗಾಲ ಕಾದು, ಗೋಡೆ ಮತ್ತು ನೆಲ ಒಣಗಿಯೇ ಉಳಿದದ್ದನ್ನು ನೋಡಿದ ಮೇಲೆ ಒಳಗಿನ ಕೆಲಸಕ್ಕೆ ಮುಂಗಡ ಕೊಡಿ.

ಪ್ರಶ್ನೆ: ಗೋಡೆಯಲ್ಲಿ ಕೆಲವು ಬಿರುಕುಗಳಿವೆ. ಸಿಮೆಂಟಿನಿಂದ ಮುಚ್ಚಿ ಮುಂದುವರಿಯಬಹುದೇ?

ಉತ್ತರ: ಬಿರುಕಿನ ದಿಕ್ಕು ನೋಡಿ. ಕಾಂಕ್ರೀಟ್ ಗೋಡೆಯಲ್ಲಿ ಮೇಲಿನಿಂದ ಕೆಳಕ್ಕೆ ಕೂದಲೆಳೆಯಷ್ಟು ತೆಳುವಾಗಿ ಹೋಗಿರುವ ಬಿರುಕು ಸಾಮಾನ್ಯವಾಗಿ ಕಾಂಕ್ರೀಟ್ ಒಣಗುವಾಗ ಕುಗ್ಗಿ ಆದದ್ದು. ನೀರು ಜಿನುಗುತ್ತಿದ್ದರೆ ಪಾಲಿಯುರೆಥೇನ್ ಎಂಬ ರಾಳವನ್ನು ತುಂಬಿಸಿ ಮುಚ್ಚಬಹುದು. ಅಡ್ಡಡ್ಡಲಾಗಿ ಹೋಗಿರುವ ಬಿರುಕು, ಅದರಲ್ಲೂ ಬ್ಲಾಕಿನ ಗೋಡೆಯ ನಡುಭಾಗದಲ್ಲಿ, ಹೊರಗಿನ ಮಣ್ಣು ಗೋಡೆಯನ್ನು ಒಳಕ್ಕೆ ತಳ್ಳುತ್ತಿರುವುದರ ಗುರುತು. ಗೋಡೆಗೆ ಉದ್ದಕ್ಕೆ ದಾರ ಹಿಡಿದು ನೋಡಿ; ನಡುವೆ ಉಬ್ಬಿದ್ದರೆ ಸ್ಟ್ರಕ್ಚರಲ್ ಎಂಜಿನಿಯರನ್ನು ಕರೆಸುವವರೆಗೆ ಒಂದು ಮೊಳೆಯನ್ನೂ ಹೊಡೆಯಬೇಡಿ. ಮೆಟ್ಟಿಲಿನಂತೆ ಓರೆಯಾಗಿ ಏರಿದ ಬಿರುಕು ಪಾಯ ಒಂದು ಬದಿಗೆ ಕುಸಿದಿರುವುದನ್ನು ಸೂಚಿಸಬಹುದು, ಅದನ್ನೂ ಅವರೇ ನೋಡಬೇಕು. ಬೆಳೆಯುತ್ತಿರುವ ಬಿರುಕೇ ಎಂದು ತಿಳಿಯಲು ಅದರ ಎರಡೂ ತುದಿಗಳಲ್ಲಿ ಪೆನ್ಸಿಲಿನಿಂದ ಗೆರೆ ಎಳೆದು ದಿನಾಂಕ ಬರೆದಿಡಿ.

ಪ್ರಶ್ನೆ: ತೇವ ಹೋಗಲೆಂದು ಮಳೆಗಾಲದಲ್ಲಿ ಹಗಲೆಲ್ಲ ನೆಲಮಾಳಿಗೆಯ ಕಿಟಕಿ ತೆರೆದಿಟ್ಟು ಫ್ಯಾನು ಹಾಕುತ್ತೇವೆ. ಆದರೂ ಗೋಡೆಗಳು ಮೊದಲಿಗಿಂತ ಹೆಚ್ಚು ಒದ್ದೆಯಾಗುತ್ತಿವೆ. ಕಾರಣವೇನು?

ಉತ್ತರ: ಆ ತೆರೆದ ಕಿಟಕಿಯೇ ಕಾರಣ. ಹೊರಗಿನ ಗಾಳಿ 30 ಡಿಗ್ರಿ ಸೆಲ್ಸಿಯಸ್ ಇದ್ದು ಅದರ ಸಾಪೇಕ್ಷ ಆರ್ದ್ರತೆ ಶೇ. 70 ಇದ್ದರೆ, ಸುಮಾರು 24 ಡಿಗ್ರಿಗಿಂತ ತಣ್ಣಗಿರುವ ಯಾವ ಮೇಲ್ಮೈಯನ್ನು ಮುಟ್ಟಿದರೂ ಅದರಲ್ಲಿನ ಆವಿ ನೀರಾಗುತ್ತದೆ. ಮಣ್ಣಿಗೆ ಒರಗಿಕೊಂಡಿರುವ ನೆಲಮಾಳಿಗೆಯ ಗೋಡೆ ಬೆಚ್ಚಗಿನ ದಿನಗಳಲ್ಲಿ ಅದಕ್ಕಿಂತ ತಣ್ಣಗಿರುವುದು ಸಹಜ. ಹೀಗಾಗಿ ನೀವು ಫ್ಯಾನು ಹಾಕಿ ಒಳಕ್ಕೆ ಎಳೆದುಕೊಂಡ ಗಾಳಿ ತನ್ನ ನೀರನ್ನು ಗೋಡೆಯ ಮೇಲೆ ಇಳಿಸಿ ಹೋಗುತ್ತಿದೆ. ಸೆಕೆಯ, ತೇವದ ದಿನಗಳಲ್ಲಿ ಕಿಟಕಿ ಮುಚ್ಚಿ, ಗಾಳಿಯ ತೇವ ಹೀರುವ ಯಂತ್ರವಾದ ಡಿಹ್ಯುಮಿಡಿಫೈಯರ್ ನಡೆಸಿ. ಹೊರಗೆ ಒಣ ಹವೆಯಿದ್ದಾಗ ಕಿಟಕಿ ತೆರೆಯಿರಿ. ಒಂದು ಸಣ್ಣ ಆರ್ದ್ರತಾ ಮಾಪಕವನ್ನು ಕೋಣೆಯಲ್ಲಿ ತೂಗುಹಾಕಿ, ಆರ್ದ್ರತೆ ಶೇ. 60ನ್ನು ದಾಟದಂತೆ, ಆದಷ್ಟೂ ಶೇ. 30ರಿಂದ 50ರ ನಡುವೆ ಇರುವಂತೆ ನೋಡಿಕೊಳ್ಳಿ. ಯಂತ್ರದ ನೀರು ತುಂಬುವ ಡಬ್ಬಿಯನ್ನು ದಿನವೂ ಖಾಲಿ ಮಾಡುವ ಉತ್ಸಾಹ ಬಹಳ ಕಾಲ ಉಳಿಯುವುದಿಲ್ಲವಾದ್ದರಿಂದ ಅದರ ಕೊಳವೆಯನ್ನು ನೇರವಾಗಿ ಸಂಪಿಗೋ ಚರಂಡಿಗೋ ಬಿಡುವುದು ಉತ್ತಮ.

ಪ್ರಶ್ನೆ: ಗೋಡೆಗೆ ಮರದ ಚೌಕಟ್ಟು ಹೊಡೆದು, ನಡುವೆ ಶಾಖ ತಡೆಯುವ ಗಾಜಿನ ಉಣ್ಣೆ ತುಂಬಿ, ಪ್ಲಾಸ್ಟಿಕ್ ಹಾಳೆ ಹೊದಿಸಿ, ಮೇಲೆ ಜಿಪ್ಸಮ್ ಬೋರ್ಡ್ ಹಾಕುವ ಯೋಜನೆಯಿದೆ. ನೆಲಕ್ಕೆ ಗಟ್ಟಿ ಮರದ ಹಲಗೆ ಹಾಸುವ ಆಸೆ. ಸಲಹೆ ಕೊಡಿ.

ಉತ್ತರ: ಮೇಲಂತಸ್ತಿನ ಗೋಡೆಯ ವಿಧಾನವನ್ನು ಹಾಗೆಯೇ ಕೆಳಗಿಳಿಸಿದರೆ ಆಗುವ ತೊಂದರೆಗೆ ಇದು ಒಳ್ಳೆಯ ಉದಾಹರಣೆ. ಗಾಜಿನ ಉಣ್ಣೆಯ ಮೂಲಕ ಗಾಳಿ ಸಲೀಸಾಗಿ ಹಾದುಹೋಗುತ್ತದೆ. ಕೋಣೆಯ ಬೆಚ್ಚನೆಯ ಗಾಳಿ ಹಿಂದಿನ ತಣ್ಣನೆಯ ಕಾಂಕ್ರೀಟನ್ನು ಮುಟ್ಟಿ ನೀರಾಗುತ್ತದೆ, ಕಾಂಕ್ರೀಟಿನಿಂದ ಬಂದ ತೇವವನ್ನು ಒಳಗೆ ಆರಿಹೋಗಲು ಪ್ಲಾಸ್ಟಿಕ್ ಹಾಳೆ ಬಿಡುವುದಿಲ್ಲ, ನಡುವೆ ಸಿಕ್ಕಿಕೊಂಡ ಮರ ಮತ್ತು ಕಾಗದದ ಹೊದಿಕೆ ಬೂಷ್ಟಿಗೆ ಆಹಾರವಾಗುತ್ತವೆ. ಒದ್ದೆಯಾದ ವಸ್ತುವಿನಲ್ಲಿ ಬೂಷ್ಟು ಬೆಳೆಯಲು 24ರಿಂದ 48 ಗಂಟೆ ಸಾಕು.

ಇದರ ಬದಲು ಶಾಖ ತಡೆಯುವ ಗಡಸು ಫೋಮ್ ಹಲಗೆಗಳನ್ನು ಕಾಂಕ್ರೀಟಿಗೇ ಅಂಟಿಸಿ, ಸಂದುಗಳಿಗೆಲ್ಲ ಟೇಪು ಹಾಕಿ, ಕೋಣೆಯ ಗಾಳಿ ಗೋಡೆಯನ್ನು ತಲುಪದಂತೆ ಮಾಡಿ. ಚೌಕಟ್ಟು ಅದರ ಮುಂದೆ ನಿಲ್ಲಲಿ. ನೆಲಕ್ಕೆ ತಾಗುವ ಮರದ ಪಟ್ಟಿ ಸಂಸ್ಕರಿಸಿದ ಮರದ್ದಾಗಿರಲಿ, ಅಥವಾ ಇಡೀ ಚೌಕಟ್ಟನ್ನೇ ಲೋಹದಲ್ಲಿ ಮಾಡಿಸಿ. ಪ್ಲಾಸ್ಟಿಕ್ ಹಾಳೆ ಬೇಡ. ಫೋಮ್ ಬೆಂಕಿಗೆ ಸಿಕ್ಕರೆ ದಟ್ಟ ಹೊಗೆ ಬಿಡುವುದರಿಂದ ಅದನ್ನು ಎಲ್ಲಿಯೂ ಬರಿದಾಗಿ ಬಿಡುವಂತಿಲ್ಲ. ಅರ್ಧ ಇಂಚಿನ ಜಿಪ್ಸಮ್ ಬೋರ್ಡಿನಿಂದ ಮುಚ್ಚಬೇಕು. ಬೋರ್ಡಿನ ಕೆಳಗಿನ ಅಂಚು ನೆಲದಿಂದ ಅರ್ಧ ಇಂಚು ಮೇಲಿರಲಿ, ಸಂದನ್ನು ಸ್ಕರ್ಟಿಂಗ್ ಮರೆಮಾಡುತ್ತದೆ. ಎಂದಾದರೂ ನೆಲದ ಮೇಲೆ ಒಂದಿಷ್ಟು ನೀರು ಚೆಲ್ಲಿದರೆ ಬೋರ್ಡು ಬತ್ತಿಯಂತೆ ಅದನ್ನು ಹೀರಿ ಮೇಲೇರಿಸುವುದು ಇದರಿಂದ ತಪ್ಪುತ್ತದೆ.

ಗಟ್ಟಿ ಮರದ ನೆಲದ ಆಸೆಯನ್ನು ಮೇಲಂತಸ್ತಿಗೆ ಇಟ್ಟುಕೊಳ್ಳಿ. ಮಣ್ಣಿನ ಮೇಲಿನ ಕಾಂಕ್ರೀಟಿನಲ್ಲಿ ತೇವ ಏರಿಳಿಯುತ್ತಲೇ ಇರುತ್ತದೆ, ಮರ ಅದಕ್ಕೆ ತಕ್ಕಂತೆ ಉಬ್ಬಿ ಕುಗ್ಗಿ ಬಾಗುತ್ತದೆ. ಸೆರಾಮಿಕ್ ಟೈಲ್ ಅಥವಾ ವಿನೈಲ್ ಹಲಗೆ ಸಾಕು. ಗೋಡೆಯಿಂದ ಗೋಡೆಗೆ ಕಾರ್ಪೆಟ್ ಅಂಟಿಸುವುದಕ್ಕಿಂತ, ತೆಗೆದು ಬಿಸಿಲಿಗೆ ಹಾಕಬಹುದಾದ ಜಮಖಾನೆ ಹಾಸುವುದು ಜಾಣತನ.

ಕೆಡವುವ ಕೆಲಸಕ್ಕೆ ಮುನ್ನ ಒಂದು ಎಚ್ಚರಿಕೆ. ಹಳೆಯ ಮನೆಯಾದರೆ ನೆಲದ ಹಳೆಯ ಟೈಲ್, ಅದರಡಿಯ ಅಂಟು ಮತ್ತು ಬಿಸಿನೀರಿನ ಕೊಳವೆಗೆ ಸುತ್ತಿದ ಹೊದಿಕೆಯಲ್ಲಿ ಆಸ್ಬೆಸ್ಟಾಸ್ ಎಂಬ ನಾರಿನಂಥ ಖನಿಜ ಇರಬಹುದು. ಅಲ್ಲಾಡಿಸದೆ ಬಿಟ್ಟರೆ ಅದರಿಂದ ಅಪಾಯ ಕಡಿಮೆ. ಒಡೆದು, ಉಜ್ಜಿ ಪುಡಿ ಎಬ್ಬಿಸಿದರೆ ಶ್ವಾಸಕೋಶಕ್ಕೆ ಹೋಗುತ್ತದೆ. ಮಾದರಿ ಪರೀಕ್ಷೆಯ ನಂತರವೇ ಕೈ ಹಾಕಿ.

ಪ್ರಶ್ನೆ: ವಯಸ್ಸಾದ ತಾಯಿಯವರಿಗೆ ಕೆಳಗೆ ಮಲಗುವ ಕೋಣೆ ಮಾಡಬೇಕೆಂದಿದ್ದೇವೆ. ಚಾವಣಿಯ ಹತ್ತಿರ ಚಿಕ್ಕ ಗವಾಕ್ಷಿಯಿದೆ. ಗಾಳಿ ಬೆಳಕಿಗೆ ಅಷ್ಟು ಸಾಲದೇ?

ಉತ್ತರ: ಗಾಳಿ ಬೆಳಕಿಗೆ ಸಾಕಾದೀತು, ಬೆಂಕಿ ಬಿದ್ದರೆ ಹೊರಬರಲು ಸಾಲದು. ರಾತ್ರಿ ಮೆಟ್ಟಿಲಿನ ದಾರಿಯಲ್ಲಿ ಹೊಗೆ ತುಂಬಿದಾಗ ಮಲಗಿರುವವರು ಹೊರಗೆ ಬರಲು, ಅಥವಾ ಅಗ್ನಿಶಾಮಕದವರು ಒಳಗೆ ಇಳಿಯಲು ಎರಡನೆಯ ದಾರಿ ಇರಬೇಕು. ಅಮೆರಿಕದಲ್ಲಿ ಮನೆ ಕಟ್ಟಲು ಬಳಸುವ ಇಂಟರ್‌ನ್ಯಾಷನಲ್ ರೆಸಿಡೆನ್ಷಿಯಲ್ ಕೋಡ್ ಎಂಬ ಮಾದರಿ ಸಂಹಿತೆಯ ಪ್ರಕಾರ ಇಂಥ ಕಿಟಕಿ ತೆರೆದಾಗ ಸಿಗುವ ಜಾಗ ಕನಿಷ್ಠ 5.7 ಚದರ ಅಡಿ, ಎತ್ತರ 24 ಇಂಚು, ಅಗಲ 20 ಇಂಚು ಇರಬೇಕು. ಕಿಟಕಿಯ ಕೆಳ ಅಂಚು ನೆಲದಿಂದ 44 ಇಂಚಿಗಿಂತ ಮೇಲಿರಬಾರದು. ಇಲ್ಲಿ ಹಲವರು ಎಡವುತ್ತಾರೆ: 24 ಇಂಚು ಎತ್ತರ, 20 ಇಂಚು ಅಗಲದ ಕಿಟಕಿ ಕೂರಿಸಿ ನಿಯಮ ಪಾಲಿಸಿದೆವು ಎಂದುಕೊಳ್ಳುತ್ತಾರೆ, ಆದರೆ ಅದರ ವಿಸ್ತೀರ್ಣ 3.3 ಚದರ ಅಡಿ ಮಾತ್ರ. ಎತ್ತರ ಕನಿಷ್ಠವಾದರೆ ಅಗಲ ಸುಮಾರು 34 ಇಂಚು ಬೇಕಾಗುತ್ತದೆ. ಕಿಟಕಿ ನೆಲಮಟ್ಟಕ್ಕಿಂತ ಕೆಳಗಿದ್ದರೆ ಹೊರಗೆ ಅಗೆದು ಮಾಡುವ ಗುಂಡಿ ಒಬ್ಬರು ನಿಂತು ಏಳುವಷ್ಟಿರಬೇಕು, 44 ಇಂಚಿಗಿಂತ ಆಳವಾದರೆ ಅದಕ್ಕೆ ಏಣಿ ಇರಬೇಕು, ಮತ್ತು ಗುಂಡಿಯಲ್ಲಿ ಬಿದ್ದ ಮಳೆನೀರು ಹರಿದುಹೋಗಲು ತೂಬು ಇರಬೇಕು. ನಿಮ್ಮಲ್ಲಿನ ಕಟ್ಟಡ ನಿಯಮದಲ್ಲಿ ಅಳತೆಗಳು ಬೇರೆ ಇದ್ದರೆ ಅವೇ ಅಂತಿಮ. ಪಾಯದ ಗೋಡೆಯನ್ನು ಕತ್ತರಿಸಿ ಕಿಟಕಿ ದೊಡ್ಡದು ಮಾಡುವಾಗ ಮೇಲಿನ ಭಾರ ಹೊರಲು ಲಿಂಟಲ್ ಬೇಕು, ಅದರ ಲೆಕ್ಕ ಎಂಜಿನಿಯರದ್ದು.

ನಿಯಮ ಏನೇ ಇರಲಿ, ನಿಮ್ಮ ತಾಯಿಯವರ ವಿಷಯದಲ್ಲಿ ನನ್ನ ಅಭಿಪ್ರಾಯ ಬೇರೆ. ಕಿಟಕಿ ಹತ್ತಿ ಹೊರಬರುವುದು ವಯಸ್ಸಾದವರಿಗೆ ಆಗದ ಮಾತು. ದಿನಕ್ಕೆ ನಾಲ್ಕಾರು ಬಾರಿ ಮೆಟ್ಟಿಲು ಹತ್ತಿಳಿಯುವುದೂ ಅಪಾಯವೇ. ನೆಲ ಇಳಿಜಾರಾಗಿದ್ದು ನೆಲಮಾಳಿಗೆಯ ಒಂದು ಬದಿ ಅಂಗಳಕ್ಕೆ ಸಮನಾಗಿ ಬಾಗಿಲು ತೆರೆಯುವಂತಿದ್ದರೆ ಕೆಳಗೆ ಮಾಡಿ. ಇಲ್ಲವಾದರೆ ನೆಲ ಅಂತಸ್ತಿನಲ್ಲಿರುವ ಓದುವ ಕೋಣೆಯನ್ನೋ ಮಕ್ಕಳ ಕೋಣೆಯನ್ನೋ ಅವರಿಗೆ ಕೊಟ್ಟು, ಅಲ್ಲಿದ್ದದ್ದನ್ನು ಕೆಳಗೆ ಸಾಗಿಸಿ. ಮಕ್ಕಳು ಅಲ್ಲಿ ಮಲಗುವುದಾದರೆ ಮೇಲೆ ಹೇಳಿದ ಕಿಟಕಿ ಅವರಿಗೂ ಬೇಕು. ಯಾರೇ ಮಲಗಲಿ, ಎಲ್ಲ ಅಂತಸ್ತುಗಳಲ್ಲಿ ಒಟ್ಟಿಗೇ ಕೂಗುವ ಹೊಗೆ ಸೂಚಕಗಳಿರಲಿ. ಅನಿಲದಿಂದ ಉರಿಯುವ ಬಾಯ್ಲರ್ ಅಥವಾ ಗೀಸರ್ ನೆಲಮಾಳಿಗೆಯಲ್ಲಿದ್ದರೆ ಅದನ್ನು ಗಾಳಿಯಾಡದ ಕಪಾಟಿನಲ್ಲಿ ಮುಚ್ಚಬೇಡಿ. ಉರಿಯಲು ಗಾಳಿ ಸಾಲದಿದ್ದರೆ ಅದು ಕಾರ್ಬನ್ ಮೊನಾಕ್ಸೈಡ್ ಹೊರಬಿಡುತ್ತದೆ, ಅದಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಅದರ ಸೂಚಕವೂ ಕಡ್ಡಾಯವಾಗಿ ಇರಲಿ.

ಪ್ರಶ್ನೆ: ನೆಲದಿಂದ ಚಾವಣಿಗೆ ಆರೂವರೆ ಅಡಿ ಎತ್ತರವಿದೆ. ನೆಲವನ್ನು ಒಂದಡಿ ಅಗೆದು ತಗ್ಗಿಸಬಹುದೇ?

ಉತ್ತರ: ಮೇಲೆ ಹೇಳಿದ ಸಂಹಿತೆಯಲ್ಲಿ ವಾಸದ ಕೋಣೆಗೆ 7 ಅಡಿ ಎತ್ತರ ಬೇಕು, ಹಲವೆಡೆಯ ನಿಯಮಗಳು ಇದಕ್ಕಿಂತ ಹೆಚ್ಚು ಕೇಳುತ್ತವೆ. ಹೊಸ ನೆಲಹಾಸು ಮತ್ತು ತೂಗುಚಾವಣಿ ಸೇರಿ ಐದಾರು ಇಂಚು ತಿನ್ನುತ್ತವೆ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಅಗೆಯುವುದು ಸಾಧ್ಯ, ಆದರೆ ಪಾಯದ ತಳ ನೆಲದಿಂದ ತುಸುವೇ ಕೆಳಗಿರುವುದರಿಂದ ಒಂದಡಿ ಅಗೆದರೆ ಪಾಯದ ಅಡಿಯ ಮಣ್ಣೇ ಜಾರಬಹುದು. ಪಾಯದ ಕೆಳಗೆ ಮೂರು ನಾಲ್ಕು ಅಡಿಯ ತುಂಡುಗಳಾಗಿ, ಒಂದು ಬಿಟ್ಟು ಒಂದರಂತೆ ಅಗೆದು ಕಾಂಕ್ರೀಟ್ ತುಂಬಿ, ಅದು ಗಟ್ಟಿಯಾದ ಮೇಲೆ ಉಳಿದ ತುಂಡುಗಳಿಗೆ ಹೋಗುವ ವಿಧಾನವಿದೆ. ಇದನ್ನು ಅಂಡರ್‌ಪಿನ್ನಿಂಗ್ ಎನ್ನುತ್ತಾರೆ. ಎಂಜಿನಿಯರರ ನಕ್ಷೆಯಿಲ್ಲದೆ ಯಾವ ಮೇಸ್ತ್ರಿ ಎಷ್ಟೇ ಧೈರ್ಯ ಹೇಳಿದರೂ ಒಪ್ಪಬಾರದ ಕೆಲಸವಿದು. ಖರ್ಚು ನೋಡಿದರೆ ಹಲವು ಮನೆಗಳಲ್ಲಿ ಒಂದು ಕೋಣೆಯನ್ನು ಹೊರಗೆ ವಿಸ್ತರಿಸುವುದೇ ಹಗುರವಾಗುತ್ತದೆ. ಆ ಜಾಗವನ್ನು ಒಗೆಯುವ ಯಂತ್ರಕ್ಕೂ ಸಾಮಾನಿಗೂ ಬಿಡುವುದು ನನ್ನ ಸಲಹೆ.

ಪ್ರಶ್ನೆ: ನೆಲಮಾಳಿಗೆಯಲ್ಲಿ ಶೌಚಾಲಯ ಮಾಡಬಹುದೇ?

ಉತ್ತರ: ಬೀದಿಯ ಒಳಚರಂಡಿಗಿಂತ ನಿಮ್ಮ ನೆಲ ಮೇಲಿದ್ದರೆ ಸುಲಭ. ಕೆಳಗಿದ್ದರೆ ಮುಚ್ಚಳ ಬಿಗಿಯಾಗಿರುವ ತೊಟ್ಟಿಯಲ್ಲಿ ಕೊಳಚೆ ಕೂಡಿಸಿ ಪಂಪಿನಿಂದ ಮೇಲೆತ್ತಬೇಕು, ತೊಟ್ಟಿಯ ಗಾಳಿಕೊಳವೆ ಚಾವಣಿಯ ಮೇಲಕ್ಕೆ ಹೋಗಬೇಕು. ಚರಂಡಿ ಉಕ್ಕಿದಾಗ ಮೊದಲು ತುಂಬುವುದು ಅತ್ಯಂತ ಕೆಳಗಿನ ಕಮೋಡಾದ್ದರಿಂದ ಹಿಮ್ಮುಖ ಹರಿವು ತಡೆಯುವ ವಾಲ್ವನ್ನು ಮರೆಯಬೇಡಿ.

ಪ್ರಶ್ನೆ: ಕೆಲವು ವರ್ಷಗಳಲ್ಲಿ ಮನೆ ಮಾರುವ ಯೋಚನೆಯಿದೆ. ನೆಲಮಾಳಿಗೆಗೆ ಹಾಕಿದ ಹಣ ಬೆಲೆಯಲ್ಲಿ ವಾಪಸು ಬರುತ್ತದೆಯೇ?

ಉತ್ತರ: ಪೂರ್ತಿ ಬರುತ್ತದೆ ಎಂಬ ಲೆಕ್ಕದಲ್ಲಿ ಹೊರಡಬೇಡಿ. ಪಾಯ, ಹೊರಗೋಡೆ, ಚಾವಣಿ ಮೂರೂ ಈಗಾಗಲೇ ಇರುವುದರಿಂದ ಹೊಸದಾಗಿ ಕಟ್ಟುವುದಕ್ಕಿಂತ ಚದರ ಅಡಿಗೆ ಖರ್ಚು ಕಡಿಮೆಯಾಗುತ್ತದೆ, ನಿಜ. ಆದರೆ ಬೆಲೆ ಕಟ್ಟುವವರು ನೆಲದ ಕೆಳಗಿನ ವಿಸ್ತೀರ್ಣವನ್ನು ಸಾಮಾನ್ಯವಾಗಿ ಬೇರೆಯಾಗಿ ಹಿಡಿದು, ಮೇಲಿನ ಅಂತಸ್ತಿಗಿಂತ ಕಡಿಮೆ ದರ ಹಾಕುತ್ತಾರೆ. ಕೊಳ್ಳುವವರು ಮೆಟ್ಟಿಲಿಳಿದ ಕೂಡಲೇ ನೋಡುವುದು ದೀಪಗಳನ್ನಲ್ಲ. ಮೂಗಿಗೆ ಏನು ಬಡಿಯುತ್ತದೆ ಎಂಬುದನ್ನು. ಒಣಗಿದ, ಸಾದಾ ಬಿಳಿ ಗೋಡೆಯ ನೆಲಮಾಳಿಗೆ, ಮುಗ್ಗಲು ಹಿಡಿದ ದುಬಾರಿ ಚಿತ್ರಮಂದಿರಕ್ಕಿಂತ ಹೆಚ್ಚು ಬೆಲೆ ತರುತ್ತದೆ.

ಮಾರುವ ಉದ್ದೇಶವಿದ್ದರೆ ಹಲವು ಸಣ್ಣ ಕೋಣೆಗಳಾಗಿ ತುಂಡರಿಸುವ ಬದಲು ಒಂದು ವಿಶಾಲ ಕೋಣೆ, ನಿಯಮಕ್ಕೆ ತಕ್ಕ ಕಿಟಕಿಯಿರುವ ಒಂದು ಮಲಗುವ ಕೋಣೆ, ಒಂದು ಸ್ನಾನದ ಮನೆ, ಸಾಮಾನಿಗೆ ಒಂದಿಷ್ಟು ಜಾಗ ಇಷ್ಟು ಸಾಕು. ಮೆಟ್ಟಿಲು ಮೆಟ್ಟಿಲಾಗಿ ನೆಲ ಏರಿಸಿದ ಸಿನಿಮಾ ಕೋಣೆ, ಗೋಡೆಗೇ ಕಟ್ಟಿಸಿದ ಪಾನಗಟ್ಟೆ ಇಂಥವನ್ನು ಮುಂದಿನವರು ಒಡೆಸುವ ಖರ್ಚಾಗಿಯೇ ಲೆಕ್ಕ ಹಾಕುತ್ತಾರೆ. ಪರವಾನಗಿ ತೆಗೆದುಕೊಂಡೇ ಕೆಲಸ ಮಾಡಿಸಿ. ಪರವಾನಗಿಯಿಲ್ಲದ ಕೋಣೆ ಕಾಗದದಲ್ಲಿ ಕೋಣೆಯಾಗುವುದಿಲ್ಲ, ಅಲ್ಲಿ ಬೆಂಕಿಯೋ ನೀರೋ ಅನಾಹುತ ಮಾಡಿದರೆ ವಿಮೆಯವರು ತಕರಾರು ತೆಗೆಯಲು ಅದೊಂದೇ ನೆಪ ಸಾಕು. ಗೋಡೆ ಮುಚ್ಚುವ ಮೊದಲು ವೈರು, ಕೊಳವೆ, ವಾಲ್ವುಗಳ ಪಕ್ಕದಲ್ಲಿ ಅಳತೆಪಟ್ಟಿ ಹಿಡಿದು ಫೋಟೋ ತೆಗೆದಿಡಿ. ವಾಲ್ವು ಮತ್ತು ಚರಂಡಿಯ ಬಾಯಿಗಳ ಮುಂದೆ ತೆಗೆಯಬಹುದಾದ ಚಿಕ್ಕ ಬಾಗಿಲು ಇರಲಿ. ಗುತ್ತಿಗೆಯ ಹಣವನ್ನು ಕೆಲಸದ ಹಂತಕ್ಕೆ ತಕ್ಕಂತೆ ಕೊಡಿ, ಕೊನೆಯ ಕಂತನ್ನು ತಪಾಸಣೆ ಮುಗಿಯುವವರೆಗೆ ಹಿಡಿದಿಟ್ಟುಕೊಳ್ಳಿ.

ಪ್ರಶ್ನೆ: ನೆಲಮಾಳಿಗೆಯಲ್ಲಿ ರೇಡಾನ್ ಎಂಬ ಅನಿಲ ಸೇರುತ್ತದೆ ಎಂದು ಓದಿದೆ. ಹೆದರಬೇಕೇ?

ಉತ್ತರ: ಹೆದರುವುದಕ್ಕಿಂತ ಅಳೆಯುವುದು ಸುಲಭ. ಮಣ್ಣು ಮತ್ತು ಬಂಡೆಯಲ್ಲಿರುವ ಯುರೇನಿಯಂ ಕ್ಷಯಿಸುತ್ತಾ ಹೋಗುವ ಸರಣಿಯಲ್ಲಿ ಹುಟ್ಟುವ ವಿಕಿರಣಶೀಲ ಅನಿಲವದು. ಬಣ್ಣ, ವಾಸನೆ ಇಲ್ಲ. ನೆಲದ ಬಿರುಕು, ಕೊಳವೆಯ ಸಂದು, ಸಂಪಿನ ಬಾಯಿಗಳಿಂದ ಒಳಗೆ ಬರುತ್ತದೆ. ಧೂಮಪಾನದ ನಂತರ ಶ್ವಾಸಕೋಶದ ಕ್ಯಾನ್ಸರಿಗೆ ಮುಖ್ಯ ಕಾರಣಗಳಲ್ಲಿ ಇದೂ ಒಂದು. ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿ ಪ್ರತಿ ಘನ ಮೀಟರ್ ಗಾಳಿಗೆ 100 ಬೆಕರೆಲ್ (ವಿಕಿರಣಶೀಲತೆಯ ಅಳತೆ) ಎಂಬ ಮಟ್ಟವನ್ನು, ಅದನ್ನು ಮೀರಬಾರದೆಂದು, ಸೂಚಿಸಿತು. ಪಕ್ಕದ ಮನೆಯ ಅಳತೆ ನಿಮಗೆ ಅನ್ವಯಿಸುವುದಿಲ್ಲ, ಅಕ್ಕಪಕ್ಕದ ಮನೆಗಳಲ್ಲೇ ಪ್ರಮಾಣ ಬಹಳ ವ್ಯತ್ಯಾಸವಾಗುತ್ತದೆ. ಹೆಚ್ಚಿದ್ದರೆ ನೆಲದ ಕಾಂಕ್ರೀಟಿನಡಿಗೆ ಒಂದು ಕೊಳವೆ ಇಳಿಸಿ, ಸದಾ ತಿರುಗುವ ಸಣ್ಣ ಫ್ಯಾನಿನಿಂದ ಅಲ್ಲಿನ ಗಾಳಿಯನ್ನು ಎಳೆದು ಚಾವಣಿಯ ಮೇಲೆ ಬಿಡುತ್ತಾರೆ. ಈ ಕೊಳವೆಯನ್ನು ಹೊಸ ನೆಲಹಾಸು ಹಾಕುವ ಮೊದಲೇ ಕೂರಿಸುವುದು ಅನುಕೂಲ. ಕೆಲಸ ಮುಗಿದು, ಕಿಟಕಿ ಬಾಗಿಲು ಮುಚ್ಚಿ ಅಲ್ಲಿ ವಾಸ ಶುರುವಾದ ಮೇಲೆ ಗಾಳಿಯ ಓಡಾಟ ಮೊದಲಿನಂತೆ ಇರುವುದಿಲ್ಲವಾದ್ದರಿಂದ ಆಗ ಮತ್ತೊಮ್ಮೆ ಅಳೆಸಿ.